ವಿಸ್ಲರ್‌ನ ‘ನಾಕ್ಟರ್ನ್’ (1878): ಕಪ್ಪು ಮಸಿಯೊಂದರಲ್ಲೇ ಮೂಡಿದ ನದಿ

ನೀರುಮಸಿ

ಚಿತ್ರಕಾರ ವಿಸ್ಲರ್ ಎಂದರೆ ಬಹಳ ಮಂದಿಗೆ ಕಣ್ಮುಂದೆ ಬರುವುದು ಕುರ್ಚಿಯಲ್ಲಿ ಪಕ್ಕಕ್ಕೆ ಮುಖಮಾಡಿ ಕೂತ ಅವನ ತಾಯಿಯ ತೈಲಚಿತ್ರ. ನನಗೆ ಅದಕ್ಕಿಂತ ಹತ್ತಿರವಾದದ್ದು ಅವನ ಒಂದು ಸಣ್ಣ ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತಿ ತೆಗೆದ ಲಿಥೋಗ್ರಾಫ್ (ಲಿಥೋ). 1878ರದು, ಹೆಸರು ‘ನಾಕ್ಟರ್ನ್’, ಅಂದರೆ ರಾತ್ರಿಚಿತ್ರ. ಸುಮಾರು 17 ಸೆಂ.ಮೀ. ಎತ್ತರ, 26 ಸೆಂ.ಮೀ. ಅಗಲ, ಅಷ್ಟೇ. ಲಂಡನ್ನಿನ ಥೇಮ್ಸ್ ನದಿ, ಆಚೆ ದಡದಲ್ಲಿ ಬ್ಯಾಟರ್ಸಿ, ಕತ್ತಲಾಗುವ ಹೊತ್ತು.

ಹಾಳೆಯ ಮುಂಭಾಗವೆಲ್ಲ ನೀರು. ದೂರದಲ್ಲಿ ಕಟ್ಟಡಗಳು, ಒಂದು ಗೋಪುರ, ಚಿಮಣಿ, ಅವುಗಳ ಕೆಳಗೆ ನೀರಿನಲ್ಲಿ ಇಳಿದ ನೆರಳು. ಇದು ದಡ, ಇದು ನದಿ ಎಂದು ಎಲ್ಲೂ ಗೆರೆ ಎಳೆದು ಬೇರೆ ಮಾಡಿಲ್ಲ. ಕಟ್ಟಡ ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಎಂದು ಹುಡುಕಿದರೆ ಗುರುತು ಸಿಗುವುದಿಲ್ಲ. ಬಳಸಿದ್ದು ಕಪ್ಪು ಮಸಿ ಮಾತ್ರ. ಹಲವು ಪ್ರತಿಗಳನ್ನು ತೆಳುವಾದ ನೀಲಿ-ಬೂದು ಚೀನೀ ಕಾಗದದ ಮೇಲೆ ತೆಗೆದು, ಅದನ್ನು ದಪ್ಪನೆಯ ಬಿಳಿ ಹಾಳೆಗೆ ಅಂಟಿಸಿದ್ದಾರೆ. ಆದ್ದರಿಂದ ಆ ಸಂಜೆಯ ತಂಪು ಬಣ್ಣ ಮಸಿಯದಲ್ಲ, ಕಾಗದದ್ದು.

ಅದೇ ವರ್ಷ ಮಾಡಿದ ‘ಲೈಮ್‌ಹೌಸ್’ ಇದರ ಜೊತೆಗೆ ನೋಡಬೇಕಾದದ್ದು. ಲೈಮ್‌ಹೌಸ್ ಲಂಡನ್ ಬಂದರಿನ ಪೂರ್ವದ ಕಡೆ. ಕಟ್ಟಿಹಾಕಿದ ದೋಣಿಗಳು, ನೀರಿನ ಅಂಚಿಗೇ ಒತ್ತಿಕೊಂಡು ನಿಂತ ಮನೆಗಳು. ಇವೆರಡನ್ನೂ ಒಳಗೊಂಡ ಆರು ಕಲ್ಲಚ್ಚುಗಳ ಕಟ್ಟು 1887ರಲ್ಲಿ ಪ್ರಕಟವಾಯಿತು.

ಈ ಹಾಳೆಯ ನೆಮ್ಮದಿಯಲ್ಲಿ ಅರ್ಧ ಪಾಲು ವಿಸ್ಲರ್‌ನದಾದರೆ ಇನ್ನರ್ಧ ಕಲ್ಲಿನದು, ಕಲ್ಲನ್ನು ಹದಮಾಡಿದವರದು ಎಂದು ನನಗೆ ಅನ್ನಿಸುತ್ತದೆ. ಕಲ್ಲಚ್ಚಿನ ಕೆಲಸ ಗೊತ್ತಿರುವವರು ಇಲ್ಲಿದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

ಕಾರ್ಬೊರಂಡಮ್

ಸರ್, ನಾನು ಗ್ರಾಫಿಕ್ಸ್ ವಿದ್ಯಾರ್ಥಿ, ಲಿಥೋ ಮಾಡ್ತೀನಿ. ನಿಮ್ಮ ಮಾತು ನಿಜ, ಕಲ್ಲಿನ ಪಾಲು ತುಂಬಾ ಇದೆ.

ಮೊದಲು ಕಲ್ಲು ಉಜ್ಜೋದು. ಒಳ್ಳೆಯ ಲಿಥೋ ಕಲ್ಲು ಜರ್ಮನಿಯ ಜೋಲ್ನ್‌ಹೋಫೆನ್‌ನ ಸುಣ್ಣದ ಕಲ್ಲು. ಇವತ್ತಿಗೂ ಸ್ಟುಡಿಯೋಗಳಲ್ಲಿ ಹಳೇ ಕಲ್ಲುಗಳನ್ನೇ ಮತ್ತೆ ಮತ್ತೆ ಉಜ್ಜಿ ಬಳಸ್ತಾರೆ. ಮೇಲೆ ಕಾರ್ಬೊರಂಡಮ್ ಪುಡಿ, ನೀರು ಹಾಕಿ ತಿರುವಿ ತಿರುವಿ ಹಳೇ ಚಿತ್ರ ಹೋಗೋವರೆಗೂ ಅರೆಯಬೇಕು. ದಪ್ಪ ಪುಡಿಯಿಂದ ಶುರುಮಾಡಿ ಸಣ್ಣ ಪುಡಿಗೆ ಬರಬೇಕು. ಕೊನೆಗೆ ಉಳಿಯುವ ಆ ಸಣ್ಣ ತರಿಯನ್ನೇ ನಾವು ಗ್ರೇನ್ ಅನ್ನೋದು. ಚಿತ್ರದಲ್ಲಿ ಗಾಳಿ ಇದ್ದ ಹಾಗೆ ಕಾಣೋದು ಅದರಿಂದಲೇ. ಜಿಡ್ಡಿನ ಕ್ರೇಯಾನ್ ತರಿಯ ತುದಿಗಳಿಗೆ ಮಾತ್ರ ತಾಗತ್ತೆ, ತಗ್ಗುಗಳು ಬಿಳಿ ಉಳೀತವೆ.

ಆಮೇಲೆ ಗೋಂದಿಗೆ ಕೆಲವು ಹನಿ ನೈಟ್ರಿಕ್ ಆಮ್ಲ ಸೇರಿಸಿ ಹಚ್ಚಿ ಬಿಡ್ತೀವಿ. ಬರೆದ ಜಾಗ ಜಿಡ್ಡನ್ನು ಹಿಡಿದುಕೊಳ್ಳತ್ತೆ, ಬರೆಯದ ಜಾಗ ನೀರನ್ನು. ಟರ್ಪಂಟೈನ್‌ನಲ್ಲಿ ಒರೆಸಿದರೆ ಕ್ರೇಯಾನಿನ ಕಪ್ಪೆಲ್ಲ ಹೋಗಿ ಕಲ್ಲಿನ ಮೇಲೆ ಏನೂ ಇಲ್ಲದ ಹಾಗೆ ಕಾಣತ್ತೆ. ಮೊದಲ ಸಲ ನೋಡಿದಾಗ ಎಲ್ಲರಿಗೂ ಎದೆ ಧಸಕ್ ಅನ್ನತ್ತೆ. ಒದ್ದೆ ಸ್ಪಂಜಿನಲ್ಲಿ ಒರೆಸಿ ಮಸಿಯ ರೋಲರ್ ಓಡಿಸಿದರೆ ಚಿತ್ರ ನಿಧಾನಕ್ಕೆ ವಾಪಸ್ ಬರತ್ತೆ. ಚಿತ್ರದ ಜಾಗದಲ್ಲಿ ಮಸಿ ಕೂರತ್ತೆ, ನೀರಿದ್ದ ಜಾಗದಲ್ಲಿ ಕೂರಲ್ಲ. ಮ್ಯೂನಿಕ್‌ನಲ್ಲಿ ಆಲೊಯ್ಸ್ ಸೆನೆಫೆಲ್ಡರ್ 1790ರ ದಶಕದ ಕೊನೆಯಲ್ಲಿ ಕಂಡುಕೊಂಡಿದ್ದು ಇದನ್ನೇ.

ಇನ್ನು ನೀವು ಹೇಳಿದ ಹಾಳೆ. ಅದು ಬರೀ ಕ್ರೇಯಾನ್ ಕೆಲಸ ಅಲ್ಲ, ಲಿಥೋಟಿಂಟ್. ಟುಶ್ ಅನ್ನೋ ಜಿಡ್ಡಿನ ಮಸಿಯನ್ನು ನೀರಲ್ಲಿ ತೆಳು ಮಾಡಿ ಬ್ರಶ್‌ನಲ್ಲಿ ಹಚ್ಚೋದು. ಹಾಗೆ ಹಚ್ಚಿದ ತೆಳು ಮಸಿಗೆ ವಾಷ್ ಅಂತೀವಿ. ಕ್ರೇಯಾನ್‌ನಲ್ಲಿ ಕಲ್ಲಿನ ಮೇಲೆ ಕಂಡದ್ದೇ ಹೆಚ್ಚುಕಡಿಮೆ ಕಾಗದಕ್ಕೆ ಬರತ್ತೆ. ವಾಷ್ ಹಾಗಲ್ಲ. ತೀರಾ ತೆಳು ಮಾಡಿದ್ದು ಆಮ್ಲಕ್ಕೆ ಸಿಕ್ಕಿ ಮಾಯವಾಗಬಹುದು, ಸ್ವಲ್ಪ ಗಟ್ಟಿ ಇದ್ದದ್ದು ಮುಚ್ಚಿಕೊಂಡು ಪೂರಾ ಕಪ್ಪಾಗಬಹುದು. ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆಯೋವರೆಗೂ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಆ ಮಂಜಿನಂಥ ಬೂದು ಬಣ್ಣವನ್ನು ಹಾಳೆಯ ಉದ್ದಕ್ಕೂ ಹಿಡಿದು ನಿಲ್ಲಿಸಿದ್ದು ನೋಡಿದರೆ ನನಗೆ ಗೌರವ ಬರತ್ತೆ.

ನೀರುಮಸಿ

@ಕಾರ್ಬೊರಂಡಮ್, ಇಂಥ ವಿವರವೇ ಬೇಕಿತ್ತು. ಇದಕ್ಕೆ ಒಂದು ಹೆಸರು ಸೇರಿಸಬೇಕು: ಲಂಡನ್ನಿನ ಮುದ್ರಕ ಥಾಮಸ್ ವೇ. 1878ರಲ್ಲಿ ವಿಸ್ಲರ್‌ನನ್ನು ಕಲ್ಲಿನ ಕಡೆಗೆ ಎಳೆದವನು ಅವನೇ. ಲಿಥೋಟಿಂಟ್ ಹೊಸದೇನಲ್ಲ, ಚಾರ್ಲ್ಸ್ ಹಲ್ಮಂಡೆಲ್ 1840ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ವೇ ಮಾಡಿದ ಉಪಾಯವೆಂದರೆ ಕಲ್ಲಿನ ಮೇಲೆ ಮೊದಲೇ ಒಂದು ಸಮನಾದ ನಡುಬಣ್ಣದ ಪದರ ಹಾಸಿ ಕೊಡುವುದು. ಆಮೇಲೆ ವಿಸ್ಲರ್ ಕಪ್ಪು ಬೇಕಾದಲ್ಲಿ ವಾಷ್ ಸೇರಿಸಿದ, ಬೆಳಕು ಬೇಕಾದಲ್ಲಿ ಕೆರೆದು ತೆಗೆದ. ಹೀಗಾಗಿ ಇಲ್ಲಿ ಚಿತ್ರ ಬಿಳಿ ಹಾಳೆಯಿಂದ ಶುರುವಾಗಿಲ್ಲ, ಮುಸ್ಸಂಜೆಯಿಂದಲೇ ಶುರುವಾಗಿದೆ. ಬೆಳಕಿನ ಚುಕ್ಕೆಗಳೆಲ್ಲ ಆ ಸಂಜೆಯನ್ನು ಕೆರೆದು ತೆಗೆದವು. ನೀರಿನ ಮೇಲೆ ಅಡ್ಡಕ್ಕೆ ಓಡುವ ತೆಳು ಗೀರುಗಳನ್ನು ನೋಡುವಾಗ ಇದು ನೆನಪಿರಲಿ.

ಮಲಪ್ರಭಾ

ಚಿತ್ರ ಚಲೋ ಐತ್ರಿ, ಅದರ ಬಗ್ಗೆ ತಕರಾರಿಲ್ಲ. ಆದ್ರ ನೆಮ್ಮದಿ ಅಂತ ಅನ್ನೂದಕ್ಕ ನನಗ ಮನಸು ಬರವಲ್ದು. ಬ್ಯಾಟರ್ಸಿ ಅಂದ್ರ ಆ ಕಾಲದಾಗ ಕಾರ್ಖಾನಿಗಳ ಊರು. ಆ ಗೋಪುರ, ಚಿಮಣಿ ಗುಡಿಯವಲ್ಲ, ಕೆಲಸದ ಜಾಗಾದವು. ಲೋಹ ಕರಗಿಸೋ ಮೂಸಿ ತಯಾರು ಮಾಡೋ ಮಾರ್ಗನ್ ಕಂಪನಿ ಅದೇ ದಂಡಿಮ್ಯಾಲೆ ಇತ್ತು. ನದಿ ಬಗ್ಗೆ ಹೇಳಬೇಕಂದ್ರ, 1858ರ ಬ್ಯಾಸಿಗ್ಯಾಗ ಥೇಮ್ಸ್ ನಾತ ತಾಳಲಾರದ ಪಾರ್ಲಿಮೆಂಟಿನವರೇ ಕಂಗಾಲಾಗಿದ್ರು. ಆಮ್ಯಾಲೆ ಜೋಸೆಫ್ ಬ್ಯಾಜಲ್ಜೆಟ್ ದೊಡ್ಡ ಚರಂಡಿ ಕಟ್ಟಿಸಿದ. ಈ ಕಡಿ ದಂಡಿಗೆ ಚೆಲ್ಸಿ ಒಡ್ಡು ಆಗಿದ್ದು 1874ರಾಗ, ಅಂದ್ರ ಈ ಚಿತ್ರಕ್ಕ ಬರೇ ನಾಕು ವರ್ಷ ಮದಲ. ಹಗಲೆಲ್ಲಾ ಕಲ್ಲಿದ್ದಲು ಹೊತ್ತ ಮಂದಿ, ಹೊಗಿ ಕುಡದ ಮಂದಿ ಈ ಹಾಳಿಯೊಳಗ ಎಲ್ಲಿ ಹೋದ್ರು? ಕತ್ತಲಿ ಹಾಕಿ ಅವರನ್ನ ಮುಚ್ಚಿದ್ರ ಅದಕ್ಕ ಶಾಂತಿ ಅನಬೇಕೇನ್ರಿ?

ನೀರುಮಸಿ

@ಮಲಪ್ರಭಾ ಅವರೇ, ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ವಿಸ್ಲರ್‌ಗೆ ಅಲ್ಲಿ ಏನಿದೆ ಎಂದು ಚೆನ್ನಾಗಿ ಗೊತ್ತಿತ್ತು. ಅವನ ಮನೆ ಎದುರು ದಡದ ಚೆಲ್ಸಿಯಲ್ಲಿತ್ತು, ವರ್ಷಗಟ್ಟಲೆ ಅದನ್ನೇ ನೋಡಿದವನು. 1885ರಲ್ಲಿ ಕೊಟ್ಟ ಉಪನ್ಯಾಸದಲ್ಲಿ ಇದನ್ನೇ ಹೇಳುತ್ತಾನೆ: ಸಂಜೆಯ ಮಂಜು ನದಿದಡವನ್ನು ಹೊದ್ದಾಗ ಬಡ ಕಟ್ಟಡಗಳು ಆಕಾಶದಲ್ಲಿ ಕರಗುತ್ತವೆ, ಉದ್ದನೆಯ ಚಿಮಣಿಗಳು ಗಂಟೆಗೋಪುರಗಳಾಗುತ್ತವೆ, ಉಗ್ರಾಣಗಳು ಅರಮನೆಗಳಾಗುತ್ತವೆ. ಅಂದರೆ ಮರೆಸುವುದೇ ಅವನ ಉದ್ದೇಶ, ಅದನ್ನು ಅವನು ಬಚ್ಚಿಡಲಿಲ್ಲ.

ಆದರೆ ಹಾಳೆ ನನಗೆ ಹೇಳುವುದು ಅವನ ಮಾತಿಗಿಂತ ಸ್ವಲ್ಪ ಬೇರೆ. ಚಿಮಣಿ ಅಲ್ಲಿ ಚಿಮಣಿಯಾಗಿಯೇ ಇದೆ, ಅರಮನೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಕೆಲಸ ನಿಂತ ಮೇಲಿನ ಕಾರ್ಖಾನೆ ಅದು. ಹಗಲಿನ ದುಡಿಮೆ ಗೊತ್ತಿದ್ದವರಿಗೇ ಆ ನಿಂತುಹೋದ ಹೊತ್ತಿನ ಬೆಲೆ ತಿಳಿಯುತ್ತದೆ. ನೀವು ಕೊಟ್ಟ ವಿವರ ಓದಿದ ಮೇಲೆ ಈ ಹಾಳೆ ನನಗೆ ಇನ್ನಷ್ಟು ಭಾರವಾಗಿ ಕಾಣುತ್ತಿದೆ.

ಮತ್ತೊಂದು ಸಂಗತಿ. ಇದು ಅವನ ಬದುಕಿನ ಅತಿ ಗದ್ದಲದ ವರ್ಷ. ವಿಮರ್ಶಕ ರಸ್ಕಿನ್ ಅವನ ಒಂದು ರಾತ್ರಿಚಿತ್ರವನ್ನು ಜನರ ಮುಖಕ್ಕೆ ಎರಚಿದ ಬಣ್ಣ ಎಂದು ಹಳಿದಿದ್ದ. ವಿಸ್ಲರ್ ಮಾನನಷ್ಟದ ದಾವೆ ಹೂಡಿದ, 1878ರ ನವೆಂಬರಿನಲ್ಲಿ ಗೆದ್ದ. ಪರಿಹಾರವಾಗಿ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಮರುವರ್ಷ ದಿವಾಳಿಯಾಗಿ ಎಚಿಂಗ್‌ಗಳ (ಲೋಹದ ತಗಡಿನಲ್ಲಿ ಕೊರೆದು ತೆಗೆಯುವ ಅಚ್ಚುಗಳ) ಕೆಲಸ ಹಿಡಿದು ವೆನಿಸ್‌ಗೆ ಹೋದ. ಕೋರ್ಟು, ಸಾಲ, ಪತ್ರಿಕೆಗಳ ಮೂದಲಿಕೆ ಎಲ್ಲದರ ನಡುವೆ ಕೂತು ಈ ಕಲ್ಲಿನ ಮೇಲೆ ಕೈ ನಡುಗದೆ ವಾಷ್ ಹರಿಸಿದ್ದಾನಲ್ಲ, ಅದನ್ನು ನಾನು ಸಣ್ಣದೆಂದು ಎಣಿಸಲಾರೆ.

ದಕ್ಕೆ ದಾರಿ

ಮಂಗಳೂರಿನಿಂದ ಒಂದೆರಡು ಮಾತು. ಮಲಪ್ರಭಾ ಅವರು ಹೇಳಿದ್ದು ಓದಿ ನಮ್ಮ ಬಂದರು ನೆನಪಾಯ್ತು ಮಾರಾಯ್ರೇ. ಇಲ್ಲಿಯೂ ನದಿ ಬದಿಯಲ್ಲಿ ಹೆಂಚಿನ ಕಾರ್ಖಾನೆಗಳ ಚಿಮಣಿ ಇದ್ದವು. ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಒಂದರ ಹಿಂದೆ ಒಂದು ಬಂತು. ಆವೆಮಣ್ಣು ಬರುವುದು ದೋಣಿಯಲ್ಲಿ, ಹೆಂಚು ಹೋಗುವುದು ಬಂದರಿನಿಂದ ಹಡಗಿನಲ್ಲಿ. ಈಗ ಹೆಚ್ಚಿನವು ಮುಚ್ಚಿ ಆಗಿದೆ. ಹಾಗಾಗಿ ನೀರಿನ ಆಚೆಗೆ ಚಿಮಣಿ ಕಂಡರೆ ನಮಗೆ ಅದು ಪರದೇಶದ ಚಿತ್ರ ಅಂತ ಅನ್ನಿಸುದೇ ಇಲ್ಲ.

ಮತ್ತೆ ಕಲ್ಲಚ್ಚು ಅಂದರೆ ಕನ್ನಡಕ್ಕೂ ಸಂಬಂಧ ಉಂಟು. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಮುದ್ರಣಾಲಯದಲ್ಲಿ ಮೊದಲಿಗೆ ಇದ್ದದ್ದು ಕಲ್ಲಚ್ಚೇ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು ತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಿನಲ್ಲೇ ಅಚ್ಚಾದದ್ದು. ಆ ಪುಟಗಳ ಅಕ್ಷರ ನೋಡಿ, ಕೈಬರಹವೇ. ಮೊಳೆ ಜೋಡಿಸಿದ್ದಲ್ಲ, ಬರೆದದ್ದು. ಅಕ್ಷರದ ದಂಡೆಯಲ್ಲಿ ಸ್ವಲ್ಪ ಮೆತ್ತಗೆ ಹರಡಿದ ಮಸಿ ಕಾಣ್ತದೆ. ನೀರುಮಸಿಯವರು ಹೇಳುವ ಆ ಗೆರೆಯಿಲ್ಲದ ದಡವನ್ನು ನಾನು ಮೊದಲು ಕಂಡದ್ದು ಅಲ್ಲಿ.

ಹಳೇ ಅಚ್ಚುಮನೆ

ನಾನು ಆಫ್‌ಸೆಟ್ ಮುದ್ರಣದಲ್ಲಿ ಬಹುಕಾಲ ದುಡಿದವನು. ಯುವಮಿತ್ರರು ವಿವರಿಸಿದ ನೀರು-ಜಿಡ್ಡಿನ ತತ್ವವೇ ಆಫ್‌ಸೆಟ್ ಯಂತ್ರದಲ್ಲೂ ಇರುವುದು. ಕಲ್ಲಿನ ಬದಲು ತೆಳು ಲೋಹದ ಪ್ಲೇಟು, ಕೈಸ್ಪಂಜಿನ ಬದಲು ನೀರಿನ ರೋಲರು. ಚಿತ್ರ ಪ್ಲೇಟಿನಿಂದ ರಬ್ಬರ್ ಬ್ಲಾಂಕೆಟ್ಟಿಗೆ, ಅಲ್ಲಿಂದ ಕಾಗದಕ್ಕೆ ಹೋಗುತ್ತದೆ. ನೀರು ಹೆಚ್ಚಾದರೆ ಅಚ್ಚು ಪೇಲವ, ಕಡಿಮೆಯಾದರೆ ಹಾಳೆಯೆಲ್ಲ ಮಸಿ. ಆ ಹದ ಕೈಗೆ ಬರಲು ಕಾಲ ಹಿಡಿಯುತ್ತದೆ. ಆದ್ದರಿಂದ ಥಾಮಸ್ ವೇ ಹೆಸರನ್ನು ಇಲ್ಲಿ ತಂದದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಮುದ್ರಕನನ್ನು ಯಾರೂ ನೆನೆಯುವುದಿಲ್ಲ.

ನಮ್ಮ ಮನೆಗಳ ಗೋಡೆಗೆ ಲಿಥೋ ಬಂದದ್ದು ಬಣ್ಣದ ದೇವರ ಪಟಗಳ ರೂಪದಲ್ಲಿ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅವು ಊರೂರಿಗೆ ಹರಡಿದವು. ಅಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕು, ಎಲ್ಲವೂ ಕೂದಲೆಳೆಯಷ್ಟೂ ತಪ್ಪದೆ ಒಂದರ ಮೇಲೊಂದು ಕೂರಬೇಕು. ವಿಸ್ಲರ್‌ನ ಹಾಳೆಯಲ್ಲಿ ಕಲ್ಲು ಒಂದೇ. ಕೆಲಸ ಸುಲಭವಾಯಿತು ಎಂದು ತಿಳಿಯಬೇಡಿ. ಬಣ್ಣವಿದ್ದರೆ ಸಣ್ಣ ಕುಂದು ಕಣ್ಣಿಗೆ ಬೀಳುವುದಿಲ್ಲ. ಒಂದೇ ಕಪ್ಪಿನಲ್ಲಿ, ಅದರಲ್ಲೂ ನಡುಬೂದಿನಲ್ಲಿ, ರೋಲರಿನ ಒಂದು ಗುರುತು ಬಿದ್ದರೂ ಆ ನೀರು ಕೆಟ್ಟಿತು.

ಕೇಪ್ ಆನ್ ಕನ್ನಡತಿ

ಮ್ಯಾಸಚೂಸೆಟ್ಸ್‌ನಿಂದ ಬರೆಯುತ್ತಿದ್ದೇನೆ. ವಿಸ್ಲರ್ ಹುಟ್ಟಿದ್ದು ಇದೇ ರಾಜ್ಯದ ಲೋವೆಲ್‌ನಲ್ಲಿ, 1834ರಲ್ಲಿ. ಆದರೆ ಬಂದರು ಮತ್ತು ಕಪ್ಪು-ಬಿಳುಪು ಕಲ್ಲಚ್ಚು ಎಂದಾಗ ಈ ಕಡೆಯವರು ಹೇಳುವ ಹೆಸರು ಇನ್ನೊಂದು: ಸ್ಟೋ ವೆಂಗನ್‌ರೋತ್ (1906–1978). ಜೀವಮಾನವಿಡೀ ಹೆಚ್ಚುಕಡಿಮೆ ಕಲ್ಲಚ್ಚನ್ನೇ ಮಾಡಿದವರು, 300ಕ್ಕೂ ಹೆಚ್ಚು. ನ್ಯೂ ಇಂಗ್ಲೆಂಡ್ ಕರಾವಳಿಯ ಬಂದರು, ದೀಪಸ್ತಂಭ, ಚರ್ಚು, ಮರಗಳು, ಹಕ್ಕಿಗಳು. ಬಹಳ ಕಾಲ ಲಾಂಗ್ ಐಲೆಂಡಿನ ಗ್ರೀನ್‌ಪೋರ್ಟ್‌ನಲ್ಲಿದ್ದು, ಕೊನೆಯ ವರ್ಷಗಳನ್ನು ನಮ್ಮ ಹತ್ತಿರದ ರಾಕ್‌ಪೋರ್ಟ್‌ನಲ್ಲಿ ಕಳೆದರು. ಅವರ ಕಲ್ಲುಗಳನ್ನು ಅಚ್ಚು ಹಾಕಿದವರು ನ್ಯೂಯಾರ್ಕಿನ ಜಾರ್ಜ್ ಮಿಲ್ಲರ್. ಅಚ್ಚುಮನೆ ಸರ್, ಈ ಹೆಸರನ್ನೂ ಬರೆದಿಟ್ಟುಕೊಳ್ಳಿ.

ರಾಕ್‌ಪೋರ್ಟ್ ಬಂದರಿನ ಅಂಚಿನಲ್ಲಿ ಮೀನುಗಾರರ ಒಂದು ಕೆಂಪು ಮರದ ಮನೆಯಿದೆ, ಕಲಾವಿದರೆಲ್ಲ ಬರೆದು ಬರೆದು ಅದಕ್ಕೆ ‘ಮೋಟಿಫ್ ನಂಬರ್ 1’ ಎಂದೇ ಹೆಸರು ಬಿದ್ದಿದೆ. 1978ರ ಹಿಮಬಿರುಗಾಳಿಯಲ್ಲಿ ಕೊಚ್ಚಿಹೋಗಿ ಮತ್ತೆ ಕಟ್ಟಿದ್ದಾರೆ. ಪ್ರವಾಸಿಗಳಿಗೆ ಆ ಕೆಂಪು ಬಣ್ಣವೇ ಮುಖ್ಯ. ವೆಂಗನ್‌ರೋತ್ ಅವರ ಹಾಳೆಗಳನ್ನು ನೋಡಿದ ಮೇಲೆ ನಾನು ಇಲ್ಲಿನ ಬಂದರುಗಳನ್ನು ಬಣ್ಣ ಬಿಟ್ಟು ನೋಡಲು ಕಲಿತೆ. ಬಿಸಿಲು ಬಿದ್ದ ಹಲಗೆ ಗೋಡೆ ಅವರಲ್ಲಿ ಬರಿಯ ಕಾಗದ. ಅದರ ಪಕ್ಕದ ನೆರಳನ್ನು ಕ್ರೇಯಾನಿನಲ್ಲಿ ಪದರದ ಮೇಲೆ ಪದರ ಕಟ್ಟಿರುತ್ತಾರೆ. ಹಾಗೆ ಕಟ್ಟಿದ ಕಪ್ಪಿನಿಂದಲೇ ಬಿಳಿ ಬೆಳಗುವುದು. ವಿಸ್ಲರ್‌ಗೆ ಬೇಕಾದ್ದು ಕರಗುವ ದಡವಾದರೆ ಇವರಿಗೆ ಪ್ರತಿಯೊಂದು ಕಂಬ, ಹಗ್ಗ, ಕಲ್ಲು ಇದ್ದ ಜಾಗದಲ್ಲೇ ನಿಲ್ಲಬೇಕು. ಆದರೂ ಇಬ್ಬರಲ್ಲೂ ನಾವು ನಿಂತು ನೋಡುತ್ತೇವೆ.

ಕಾರ್ಬೊರಂಡಮ್

ಅಕ್ಕ, ವೆಂಗನ್‌ರೋತ್ ಕೆಲಸ ನಮ್ಮ ಮೇಷ್ಟ್ರು ತೋರಿಸಿದ್ದಾರೆ. ಕ್ರೇಯಾನ್‌ನಲ್ಲಿ ಅಷ್ಟು ಆಳದ ಕಪ್ಪು ಬರಬೇಕಂದರೆ ಒತ್ತಿ ಬರೆಯಬಾರದು, ಚೂಪು ಮಾಡಿ ಹಗುರವಾಗಿ, ಮತ್ತೆ ಮತ್ತೆ ಅದೇ ಜಾಗಕ್ಕೆ ಬರಬೇಕು. ಒತ್ತಿದರೆ ಗ್ರೇನ್ ಮುಚ್ಚಿ ಕಪ್ಪು ಸತ್ತುಹೋಗತ್ತೆ. ತಪ್ಪಿದರೆ ಅಳಿಸೋ ಹಾಗೂ ಇಲ್ಲ, ಕೈ ತಾಗಿದರೆ ಬೆರಳಿನ ಜಿಡ್ಡೂ ಪ್ರಿಂಟ್ ಆಗತ್ತೆ. ಅದಕ್ಕೇ ಕಲ್ಲಿನ ಮೇಲೆ ಒಂದು ಹಲಗೆ ಸೇತುವೆ ಥರ ಇಟ್ಟು ಅದರ ಮೇಲೆ ಕೈ ಊರಿ ಬರೀತೀವಿ. ನನಗೆ ಇವತ್ತಿಗೂ ವಿಸ್ಲರ್ ವಾಷ್ ಭಯ ಹುಟ್ಟಿಸತ್ತೆ, ವೆಂಗನ್‌ರೋತ್ ಕ್ರೇಯಾನ್ ಧೈರ್ಯ ಕೊಡತ್ತೆ.

ಮಲಪ್ರಭಾ

ನೀರುಮಸಿಯವರ, ಇನ್ನೊಂದು ಕೇಳಬೇಕು. ವಿಸ್ಲರ್ ಕಾಗದದ ಮ್ಯಾಲೆ ಬರದು ಆಮ್ಯಾಲೆ ಕಲ್ಲಿಗೆ ಇಳಸ್ತಿದ್ದ ಅಂತ ಓದೇನಿ. ಹಂಗಾದ್ರ ಅದು ಖರೇ ಕಲ್ಲಚ್ಚು ಹೆಂಗ ಆಗತದ?

ನೀರುಮಸಿ

ಇದೇ ಪ್ರಶ್ನೆ 1897ರಲ್ಲಿ ಲಂಡನ್ನಿನ ಕೋರ್ಟಿಗೆ ಹೋಗಿತ್ತು! ಟ್ರಾನ್ಸ್‌ಫರ್ ಕಾಗದದ ಮೇಲೆ ಬರೆದು ಕಲ್ಲಿಗೆ ಇಳಿಸಿದ್ದನ್ನು ಲಿಥೋಗ್ರಾಫ್ ಎಂದು ಮಾರುವುದು ಸರಿಯಲ್ಲ ಎಂದು ಕಲಾವಿದ ವಾಲ್ಟರ್ ಸಿಕರ್ಟ್ ಪತ್ರಿಕೆಯಲ್ಲಿ ಬರೆದ. ಅವನು ಗುರಿ ಇಟ್ಟದ್ದು ಇನ್ನೊಬ್ಬ ಕಲಾವಿದ ಜೋಸೆಫ್ ಪೆನೆಲ್‌ನ ಕೆಲಸಕ್ಕೆ. ಪೆನೆಲ್ ದಾವೆ ಹಾಕಿದ, ವಿಸ್ಲರ್ ಅವನ ಪರ ಸಾಕ್ಷಿ ಹೇಳಿದ, 50 ಪೌಂಡ್ ಪರಿಹಾರ ಸಿಕ್ಕಿತು. ಸಿಕರ್ಟ್ ಒಂದು ಕಾಲಕ್ಕೆ ವಿಸ್ಲರ್‌ನ ಶಿಷ್ಯನೇ.

ಕಾಗದದಲ್ಲಿ ಬರೆಯುವುದರಿಂದ ಭಾರದ ಕಲ್ಲು ಹೊತ್ತು ತಿರುಗಬೇಕಿಲ್ಲ, ಎಡಬಲವೂ ಅದಲುಬದಲಾಗುವುದಿಲ್ಲ. ವಿಸ್ಲರ್ ಮುಂದೆ ಅದನ್ನು ಬಹಳ ಬಳಸಿದ, ಆ ಹಾಳೆಗಳನ್ನೂ ನಾನು ಅಪ್ಪಟವೆಂದೇ ಎಣಿಸುತ್ತೇನೆ. ಬರೆದ ಕೈ ಅವನದೇ. ಆದರೆ ನಾವು ಮಾತಾಡುತ್ತಿರುವ ‘ನಾಕ್ಟರ್ನ್’, ‘ಲೈಮ್‌ಹೌಸ್’ ನೇರ ಕಲ್ಲಿನ ಕೆಲಸ. ಕಾಗದದಿಂದ ಇಳಿಸಿ ಇಂಥ ವಾಷ್ ತರುವುದು ಕಷ್ಟ. 1896ರಲ್ಲಿ ಹೆಂಡತಿ ಬಿಯಾಟ್ರಿಕ್ಸ್ ಕ್ಯಾನ್ಸರಿನಿಂದ ಸೆವಾಯ್ ಹೋಟೆಲಿನಲ್ಲಿ ಮಲಗಿದ್ದಾಗ, ಅಲ್ಲಿನ ಕಿಟಕಿಯಿಂದ ಕಾಣುವ ನದಿಯನ್ನು ಅವನು ಮತ್ತೊಮ್ಮೆ ಲಿಥೋಟಿಂಟ್‌ನಲ್ಲಿ ಮಾಡಿದ, ‘ದ ಥೇಮ್ಸ್’ ಎಂದು. ಅದಕ್ಕೂ ಕಲ್ಲೇ ಬೇಕಾಯಿತು. ಮೇ ತಿಂಗಳಲ್ಲಿ ಅವಳು ತೀರಿಕೊಂಡಳು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹದಿನೆಂಟು ವರ್ಷದ ಅಂತರ, ನದಿ ಅದೇ.

ಹೊಸ ಚೌಕಟ್ಟು

ನಮಸ್ಕಾರ ಎಲ್ಲರಿಗೂ. ಗೋಡೆಗೆ ಹಾಕಲು ಹಳೇ ಬಂದರಿನ ಲಿಥೋ ಕೊಳ್ಳಬೇಕೆಂದಿದ್ದೇನೆ. ಆನ್‌ಲೈನ್‌ನಲ್ಲಿ ಎಲ್ಲವಕ್ಕೂ ‘ಲಿಥೋಗ್ರಾಫ್’ ಎಂದೇ ಬರೆದಿರುತ್ತಾರೆ. ಅಸಲು ಯಾವುದು, ಪುಸ್ತಕದಿಂದ ಪ್ರಿಂಟ್ ಹೊಡೆದದ್ದು ಯಾವುದು ಎಂದು ಹೇಗೆ ತಿಳಿಯುವುದು?

ಹಳೇ ಅಚ್ಚುಮನೆ

ಅಮ್ಮಾ, ಒಂದು ಒಳ್ಳೆಯ ಲೂಪ್, ಅಂದರೆ ಸಣ್ಣ ಭೂತಗನ್ನಡಿ, ತೆಗೆದುಕೊಳ್ಳಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸಿದರೆ ಸಾಕು. ನಡುಬೂದು ಇರುವ ಜಾಗಕ್ಕೆ ಇಟ್ಟು ನೋಡಿ. ಸಾಲಾಗಿ, ಸಮ ಅಂತರದಲ್ಲಿ ಚುಕ್ಕೆಗಳು ಕಂಡರೆ ಅದು ಫೋಟೋದಿಂದ ಮಾಡಿದ ಹಾಫ್‌ಟೋನ್, ಕೈಕೆಲಸವಲ್ಲ. ಕಲ್ಲಿನ ಕ್ರೇಯಾನ್ ಕೆಲಸದಲ್ಲಿ ಚುಕ್ಕೆಗಳಿಗೆ ಸಾಲು ಇರುವುದಿಲ್ಲ, ಒಂದೊಂದೂ ಒಂದೊಂದು ಆಕಾರ. ಎಚಿಂಗ್‌ನಲ್ಲಾದರೆ ಮಸಿ ಕಾಗದದಿಂದ ಸ್ವಲ್ಪ ಎದ್ದು ನಿಲ್ಲುತ್ತದೆ, ಸುತ್ತ ತಗಡು ಒತ್ತಿದ ಗುರುತಿರುತ್ತದೆ. ಕಲ್ಲಚ್ಚಿನಲ್ಲಿ ಮಸಿ ಚಪ್ಪಟೆ. ಪೆನ್ಸಿಲ್ ಸಹಿ ಇದೆ ಎಂದು ಮಾತ್ರ ನಂಬಬೇಡಿ, ಸಹಿಯೂ ಚುಕ್ಕೆಗಳಾಗಿ ಒಡೆಯುತ್ತದೆಯೇ ನೋಡಿ. ಚೌಕಟ್ಟಿನೊಳಗಿದ್ದರೆ ಬಿಚ್ಚಿ ತೋರಿಸಲು ಕೇಳಿ. ಒಲ್ಲೆ ಎಂದರೆ ಕೊಳ್ಳಬೇಡಿ.

ಕೇಪ್ ಆನ್ ಕನ್ನಡತಿ

ಒಳ್ಳೆಯ ಅಚ್ಚು ಎಂದರೆ ದುಬಾರಿಯೇ ಆಗಬೇಕೆಂದಿಲ್ಲ. ನ್ಯೂಯಾರ್ಕಿನ ಅಸೋಸಿಯೇಟೆಡ್ ಅಮೆರಿಕನ್ ಆರ್ಟಿಸ್ಟ್ಸ್ ಎಂಬ ಸಂಸ್ಥೆ 1934ರಿಂದ ಕಲಾವಿದರ ಸಹಿಯಿರುವ ಅಚ್ಚುಗಳನ್ನು 5 ಡಾಲರಿಗೆ, ಅಂಚೆಯಲ್ಲೂ, ಮಾರುತ್ತಿತ್ತು. ಕಲಾವಿದ ಗಾರ್ಡನ್ ಗ್ರಾಂಟ್ ಅವರ ಹಡಗು, ಬಂದರುಗಳ ಕಲ್ಲಚ್ಚುಗಳು ಹಾಗೆಯೇ ಸಾಮಾನ್ಯರ ಮನೆ ಸೇರಿದ್ದು. ಈಗ ಬೆಲೆ ಏರಿದೆ, ಆದರೂ ಆ ಸಾಲಿನವು ಹರಾಜುಗಳಿಗೆ ಬರುತ್ತಲೇ ಇರುತ್ತವೆ. ಕೊಂಡರೆ ಬಿಸಿಲು ಬೀಳುವ ಗೋಡೆ ಬೇಡ, ಆಮ್ಲವಿಲ್ಲದ ಮೌಂಟ್ ಹಾಕಿಸಿ, ಗಾಜಿಗೆ ಹಾಳೆ ತಾಗಬಾರದು. ಕೊಳ್ಳದೆ ನೋಡುವುದಾದರೆ ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದಲ್ಲಿ ವೆಂಗನ್‌ರೋತ್ ಅವರ ದೊಡ್ಡ ಸಂಗ್ರಹವಿದೆ.

ನೀರುಮಸಿ

ವಿಸ್ಲರ್‌ಗೆ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಜಾಲತಾಣ ನೋಡಿ, ದೊಡ್ಡ ಗಾತ್ರದ ಚಿತ್ರಗಳು ಉಚಿತ. ಲಂಡನ್ನಿಗೆ ಹೋಗುವವರು ಬ್ರಿಟಿಷ್ ಮ್ಯೂಸಿಯಮ್ಮಿನ ಅಚ್ಚುಚಿತ್ರಗಳ ಅಧ್ಯಯನ ಕೊಠಡಿಗೆ ಮೊದಲೇ ಬರೆದು ಸಮಯ ಗೊತ್ತುಮಾಡಿಕೊಂಡರೆ ಹಾಳೆಯನ್ನೇ ಮೇಜಿನ ಮೇಲೆ ತಂದಿಡುತ್ತಾರೆ. ಪರದೆಯ ಮೇಲೆ ಚೀನೀ ಕಾಗದದ ಆ ನೀಲಿ ಸರಿಯಾಗಿ ಬರುವುದಿಲ್ಲ, ಸಾಧ್ಯವಿದ್ದವರು ಎದುರಿಗೆ ನೋಡಲೇಬೇಕು.

ಮಲಪ್ರಭಾ

ಷಿಕಾಗೋದ್ದು ದೊಡ್ಡದು ಮಾಡಿ ನೋಡಿದ್ನಿ. ಕೆರದ ಗುರುತು ಕಂಡ್ವು, ಬರೀ ಕೆರದು ಬೆಳಕು ತಗದಾನ, ಅದು ಭಾರಿ ಹಿಡಸ್ತು. ಆದ್ರೂ ನನ್ನ ಮನಸು ‘ಲೈಮ್‌ಹೌಸ್’ ಕಡೇನ ಐತ್ರಿ. ಅದರಾಗ ಕಟ್ಟಿಹಾಕಿದ ದೋಣಿ ಅದಾವ, ಮನಿ ಅದಾವ, ನಾಳಿ ಮುಂಜಾನೆ ಮತ್ತ ಕೆಲಸಕ್ಕ ಹೋಗೂದೈತಿ ಅನ್ನೂದು ಗೊತ್ತಾಗತೈತಿ. ಅಚ್ಚುಮನಿ ಸರ್, ಲೂಪ್ ಎಲ್ಲಿ ಚಲೋದು ಸಿಗತಾವ ಅಂತ ಒಂದೀಟು ತಿಳಸ್ರಿ, ಧಾರವಾಡದಾಗ ಹುಡುಕತೇನಿ.